ಆರತಿ ನೀರು ಮೆಟ್ಟಿದ ಪಾದ

ಸಕ್ಕರೆ ಕಾಯಿಲೆಯಿಂದ ನನ್ನ ಪಾದಗಳ ನರಗಳು ಮಂಕಾಗಿವೆ. ರಕ್ತದ ಓಡಾಟವೂ ಕಡಿಮೆ. ಬೇಸಿಗೆಯಲ್ಲೂ ಬೆರಳುಗಳು ತಣ್ಣಗಿರುತ್ತವೆ. ಚುಚ್ಚಿದರೂ ಸುಟ್ಟರೂ ಗೊತ್ತಾಗುವುದಿಲ್ಲ. ಮನೆಯೊಳಗೂ ಚಪ್ಪಲಿ ಹಾಕಬೇಕು, ದಿನಾ ಅಂಗಾಲು ನೋಡಿಕೊಳ್ಳಬೇಕು ಎಂದರು ಡಾಕ್ಟರಮ್ಮ. ಚಪ್ಪಲಿ ಸರಿ. ಮಂಡಿ ಮಡಚಲಾರದವಳು ಅಂಗಾಲು ನೋಡುವುದು ಹೇಗೆ?

"ಕಾಲು ಇಲ್ಲಿ ಕೊಡು, ನಾನು ನೋಡ್ತೀನಿ," ಎಂದರು ಯಜಮಾನರು.

"ನಿಮ್ಮ ಕೈಲಿ ಕಾಲು ಹಿಡಿಸ್ಕೊಂಡು ನಾನು ಯಾವ ನರಕಕ್ಕೆ ಹೋಗ್ಲಿ? ಸುಮ್ನಿರಿ."

ನೆಲದ ಮೇಲೆ ಕನ್ನಡಿ ಇಟ್ಟು, ಕುರ್ಚಿಯಲ್ಲಿ ಕೂತು, ಅದರ ಮೇಲೆ ಕಾಲು ಹಿಡಿದು ನೋಡತೊಡಗಿದೆ. ಕಾಣುತ್ತಿದ್ದದ್ದು ಹೆಚ್ಚಾಗಿ ಸೀರೆಯ ಅಂಚು. ಆದರೂ ಎಲ್ಲ ಚೆನ್ನಾಗಿದೆ ಎಂದೇ ಹೇಳುತ್ತಿದ್ದೆ.

ಹೋದ ವರ್ಷ ಮಗಳು ಆಸ್ಪತ್ರೆಯಿಂದ ಕೂಸನ್ನೆತ್ತಿಕೊಂಡು ರಾಮಕೃಷ್ಣನಗರದ ನಮ್ಮ ಮನೆಗೆ ಬಂದಳು. ಚಪ್ಪಲಿ ಹಾಕಿಕೊಂಡು ಆರತಿ ಎತ್ತುವುದುಂಟೆ? ಬಿಚ್ಚಿಟ್ಟೆ. ಅಕ್ಕಪಕ್ಕದ ಹೆಂಗಸರ ಜೊತೆ ದೃಷ್ಟಿ ತೆಗೆದು, ಅರಿಶಿನ ಸುಣ್ಣ ಕಲಸಿದ ಕೆಂಪು ನೀರನ್ನು ರಂಗೋಲಿಯ ಪಕ್ಕ ಚೆಲ್ಲಿದೆ. ಸಂಭ್ರಮದಲ್ಲಿ ಅದನ್ನೇ ಮೆಟ್ಟಿಕೊಂಡು ಒಳಗೆ ಓಡಾಡಿದೆ.

"ರಕ್ತ ಕಣೇ," ಎಂದರು ಯಜಮಾನರು, ನೆಲದ ಹೆಜ್ಜೆಗಳನ್ನು ನೋಡಿ.

"ಆರತಿ ನೀರು ಕಣ್ರೀ. ಹೆದರಿಸ್ಬೇಡಿ."

ಮಗಳು ನಕ್ಕಳು. ಅವರು ನಗಲಿಲ್ಲ. ನನ್ನನ್ನು ಕುರ್ಚಿಗೆ ಕೂರಿಸಿ, ಕೇಳದೆಯೇ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಕೆಂಪು ಹೋಯಿತು. ಹಿಮ್ಮಡಿಯ ಹತ್ತಿರ ಮಾತ್ರ ಮತ್ತೆ ಮತ್ತೆ ಜಿನುಗಿತು. ಯಾರದೋ ಬಳೆಯ ಚೂರು ಹೊಕ್ಕಿತ್ತು. ಅದನ್ನು ಕಿತ್ತದ್ದೂ ನನಗೆ ತಿಳಿಯಲಿಲ್ಲ. ಆಗಲೇ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಬೇಗ ಸಿಕ್ಕಿತು, ಕೀವಾಗಿದ್ದರೆ ಕಾಲಿಗೇ ಕಷ್ಟವಿತ್ತು ಎಂದರು ಆಕೆ. ಗಾಯ ಮಾಯಿತು. ತಾಯಿ ಚಾಮುಂಡಿಯ ದಯೆ.

ಈಗ ಸಂಜೆ ದೀಪ ಹಚ್ಚಿದ ಮೇಲೆ ಪಾದ ಅವರ ತೊಡೆಗೆ ಹೋಗುತ್ತದೆ. ಕನ್ನಡಕ ಏರಿಸಿ, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಬೆರಳ ಸಂದಿಯನ್ನೂ ಬಿಡದೆ ನೋಡುತ್ತಾರೆ. ಅವರ ಅಂಗೈ ಬಿಸಿ ನನ್ನ ಬೆರಳುಗಳಿಗೆ ಗೊತ್ತಾಗದು. ಕೈ ಕಣಕಾಲಿನ ಹತ್ತಿರ ಬಂದಾಗ ಮಾತ್ರ ಬೆಚ್ಚಗೆನಿಸುತ್ತದೆ. ಅಷ್ಟನ್ನಾದರೂ ತಾಯಿ ಉಳಿಸಿದ್ದಾಳೆ.

ಮುಗಿದ ಮೇಲೆ ಪಾಪ ಕಳೆಯಲಿ ಎಂದು ಅವರ ಕಾಲು ಮುಟ್ಟಲು ಬಗ್ಗುತ್ತೇನೆ. ಮಂಡಿ ಅರ್ಧದಲ್ಲೇ ನಿಲ್ಲುತ್ತದೆ.

"ಸಾಕು ಬುಡು," ಎನ್ನುತ್ತಾರೆ, "ಆಮೇಲೆ ನಿನ್ನ ಎಬ್ಸೋ ಕೆಲ್ಸಾನೂ ನನ್ದೇ."