ಗೋರಿಯ ಮೇಲಿನ ಊಟ

ಬೆಟಗೇರಿಯ ನೇಕಾರ ಓಣಿಯಲ್ಲಿ ಚೌಡವ್ವನ ಖಾನಾವಳಿ ಗೊತ್ತಿಲ್ಲದವರಿಲ್ಲ. ಗಂಡನ ಮಗ್ಗ ನಿಂತ ಮೇಲೆ ಅದೇ ಕೋಣೆಯಲ್ಲಿ ಒಲೆ ಹೂಡಿ, ರೊಟ್ಟಿ ಬಡಿದು ಸಂಸಾರ ನಡೆಸಿದವಳು. ಹೊಲಸು ಕಂಡರೆ ಆಗದು. ಗಿರಾಕಿ ಉಂಡ ತಾಟಿನಲ್ಲೇ ಕೈ ತೊಳೆದರೆ ಮರುದಿನ ಅವನನ್ನು ಒಳಗೆ ಬಿಡುತ್ತಿರಲಿಲ್ಲ.

ಗದಗಿನ ಪ್ರವಾಸ ಏಜೆಂಟ ಮುತ್ತುರಾಜ ಇಂಥವಳನ್ನು ಅಡುಗೆಗೆಂದು ಇಂಗ್ಲೆಂಡಿಗೆ ಕರೆದೊಯ್ದ. ಹತ್ತಿ ವ್ಯಾಪಾರಿಗಳ ತಂಡವೊಂದು ಆ ದೇಶದ ಉತ್ತರದ ಊರುಗಳನ್ನು ನೋಡಲು ಹೊರಟಿತ್ತು. ಅವರಿಗೆ ಎಲ್ಲಿ ಹೋದರೂ ಜೋಳದ ರೊಟ್ಟಿಯೇ ಬೇಕು.

ಇಳಿದ ದಿನವೇ ಚೌಡವ್ವನಿಗೆ ಓಕರಿಕೆ. ಹೋಟೆಲಿನ ಅಡುಗೆಮನೆ ತುಂಬ ಹಂದಿ ಹುರಿದ ನಾತ. ಸಂಡಾಸಿನಲ್ಲಿ ನೀರಿಲ್ಲ, ಬರೀ ಕಾಗದ. ಯಾರ್ಕ್ ಎಂಬ ಊರಿನ ಪೇಟೆಯಲ್ಲಿ ನಾಯಿಯೊಂದು ಒಡತಿಯ ತುಟಿಯನ್ನೇ ನೆಕ್ಕಿತು, ಆಕೆ ನಕ್ಕಳು. "ಛೀ, ಎಂಥಾ ಹೊಲಸ ಮಂದಿಯವ್ವಾ!" ಎಂದು ಚೌಡವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಆದರೆ ಬಸ್ಸು ಹಸಿರು ಗುಡ್ಡಗಳ ನಡುವೆ ಹೊಕ್ಕಮೇಲೆ ಆಕೆ ಮೂಗು ಮುಚ್ಚಿಕೊಳ್ಳಬೇಕಾದದ್ದು ತನ್ನ ಬಸ್ಸಿನ ಮಂದಿಯನ್ನೇ ಕಂಡು. ತಂಡದ ಹಿರಿಯ ಚನ್ನಬಸವಣ್ಣ ಇಳಿದಲ್ಲೆಲ್ಲ ಕಲ್ಲುಗೋಡೆಗೆ ಗುಟ್ಕಾ ಉಗುಳುವನು. "ಮಳಿ ಬರ್ತೈತಿ, ತೊಳದ್ ಹೊಕ್ಕೈತಿ ಬಿಡು" ಅನ್ನುವನು. ಕನ್ನಡಿಯಂಥ ಸರೋವರದ ಮುಂದೆ ನಿಂತು ಒಬ್ಬರೂ ಅದನ್ನು ನೋಡಲಿಲ್ಲ. ಅದಕ್ಕೆ ಬೆನ್ನು ಮಾಡಿ ಫೋಟೊ ತೆಗೆಸಿಕೊಂಡರು, ಚುರುಮುರಿಯ ಪೊಟ್ಟಣ ಅಲ್ಲೇ ಒಗೆದರು. ಚೌಡವ್ವ ಬಗ್ಗಿ ಆರಿಸಿದಳು.

ಒಂದು ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಧ್ಯಾಹ್ನದ ಊಟಕ್ಕೆ ನಿಂತರು. ಹುಲ್ಲು ಒದ್ದೆ, ಚಪ್ಪಟೆ ಕಲ್ಲುಗಳು ಮಾತ್ರ ಒಣಗಿದ್ದವು. ಎಲ್ಲರೂ ಅವುಗಳ ಮೇಲೆ ಕೂತು ಡಬ್ಬಿ ಬಿಚ್ಚಿದರು. ಚನ್ನಬಸವಣ್ಣನ ಸೊಸೆ ಭಾಗ್ಯಾ ಒಂದು ಕಲ್ಲಿನ ಮೇಲಿದ್ದ ಹೂವಿನ ಸೀಸೆಯನ್ನು ಕೆಳಗಿಟ್ಟು, ಅಲ್ಲಿ ಮೊಸರಿನ ಗಡಿಗೆ ಇಟ್ಟಳು.

ಹೂವು ಬಾಡಿರಲಿಲ್ಲ. ಕಲ್ಲಿನ ಮೇಲೆ ಅಕ್ಷರ ಕೊರೆದಿತ್ತು. ಬಡಿಸುತ್ತಿದ್ದ ಚೌಡವ್ವನ ಕೈ ನಿಂತಿತು.

ಅಷ್ಟರಲ್ಲಿ ಗೇಟು ತೆರೆದು ಒಬ್ಬ ಬಿಳಿಯ ಮುದುಕಿ ಕೈಯಲ್ಲಿ ಹೂ ಹಿಡಿದು ಬಂದಳು. ಗೋರಿಯ ಮೇಲೆ ಮೊಸರು, ಎಣ್ಣೆಗಾಯಿಯ ಜಿಡ್ಡು. ಆಕೆ ಬಯ್ಯಲಿಲ್ಲ. "ಸಾರಿ" ಎಂದು, ತಾನೇ ತಪ್ಪು ಮಾಡಿದವಳಂತೆ, ಹೂ ಹಿಡಿದುಕೊಂಡೇ ಹಿಂದಿರುಗಿದಳು.

"ಏಳ್ರಿ! ಎಲ್ಲಾರೂ ಏಳ್ರಿ! ಇವು ಗೋರಿ ಅದಾವು!" ಚೌಡವ್ವ ಚೀರಿದಳು.

"ಯಾರದರ ಇರವಲ್ದ್ಯಾಕ? ನಮಗೇನಾಗಬೇಕ? ರೊಟ್ಟಿ ಹಾಕು," ಎಂದ ಚನ್ನಬಸವಣ್ಣ.

"ನಿಮ್ಮಪ್ಪನ್ನ ಹುಗಿದ ಜಾಗಾದಾಗ ಕುಂತು ಹಿಂಗ ಉಣ್ತೀರೇನ್ರಿ?"

ಯಾರೋ ಕಿಸಕ್ಕನೆ ನಕ್ಕರು. ಚೌಡವ್ವ ರೊಟ್ಟಿಯ ಬುಟ್ಟಿ ಎತ್ತಿ ಬಸ್ಸಿಗೆ ಒಯ್ದಳು, ಮೊಸರಿನ ಗಡಿಗೆಯನ್ನೂ ಕಿತ್ತುಕೊಂಡಳು. ಕುಡಿಯುವ ನೀರು ಸುರಿದು, ಸೆರಗಿನಿಂದಲೇ ಕಲ್ಲು ತಿಕ್ಕಿದಳು. ಮೊಸರು ಹೋಯಿತು, ಎಣ್ಣೆಯ ಕಲೆ ಹೋಗಲಿಲ್ಲ. ಹೂವಿನ ಸೀಸೆಯನ್ನು ಮೊದಲಿನ ಜಾಗದಲ್ಲಿಟ್ಟಳು.

"ಗಿರಾಕಿ ಮುಂದ ನನ್ನ ಮರ್ಯಾದಿ ತಗದಿ!" ಮುತ್ತುರಾಜ ಹರಿಹಾಯ್ದ.

"ನಿನಗ ಅದು ಇದ್ದರಲ್ಲ ತಗ್ಯಾಕ?" ಎಂದಳು.

ಉಳಿದ ದಿನ ಅಡುಗೆ ಮಾಡಿದಳು, ಬಡಿಸಲಿಲ್ಲ. ಪಾತ್ರೆ ಇಟ್ಟು ಬೆನ್ನು ತಿರುಗಿಸಿ ಡ್ರೈವರನ ಪಕ್ಕ ಕೂರುತ್ತಿದ್ದಳು. ಅವರು ತಿನ್ನುವ ಸಪ್ಪಳವೂ ಕೇಳಬಾರದೆನಿಸುತ್ತಿತ್ತು.

ಮರುವರ್ಷ ಮುತ್ತುರಾಜ ಮತ್ತೆ ಖಾನಾವಳಿಗೆ ಬಂದ. "ಈ ಸಲ ಬ್ಯಾರೆ ಮಂದಿ ಚೌಡವ್ವಾ, ಭಾಳ ಶಾಣ್ಯಾ ಅದಾರ."

ಆಕೆ ತಲೆ ಎತ್ತಲಿಲ್ಲ. ಹಿಟ್ಟಿನ ಕೈ ಝಾಡಿಸಿ, "ಉಣ್ಣಾಕ ಬಂದಿದ್ರ ಕುಂಡ್ರು. ಕರ್ಯಾಕ ಬಂದಿದ್ರ ಎದ್ದು ಹೋಗು," ಎಂದಳು.

ಮುತ್ತುರಾಜ ಉಂಡು ಹೋದ.