ನೀರಿಲ್ಲದ ಬೆಳ್ಳಿ ನೀರು

ಅರಸೀಕೆರೆಯಲ್ಲಿ ನಮ್ಮವರದು ಬೆಳ್ಳಿ ನೀರು ಹಾಕುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ದೇವರ ತಾಮ್ರದ ಮುಖವಾಡ, ಹಿತ್ತಾಳೆ ದೀಪ, ಮದುವೆ ಛತ್ರದ ತಟ್ಟೆ, ಏನೇ ಬರಲಿ, ತೊಟ್ಟಿಯಲ್ಲಿ ಇಳಿಬಿಟ್ಟು ಕರೆಂಟು ಕೊಟ್ಟರೆ ಬೆಳ್ಳಗಾಗಿ ಮೇಲೆ ಬರುತ್ತಿತ್ತು. ತೊಟ್ಟಿಯಲ್ಲಿದ್ದದ್ದು ಸೈನೈಡ್ ಬೆರೆತ ನೀರು. ಊರಿನವರು ಸೈನೈಡ್ ಅನ್ನುವ ಹೆಸರನ್ನು ಸಿನಿಮಾದಲ್ಲಿ ಕೇಳಿದ್ದರು; ನಾನು ಅದರ ಆಚೆಗೋಡೆಗೆ ಒಲೆ ಹೂಡಿ ಸಂಸಾರ ಮಾಡಿದವಳು.

ಮಗಳಿಗೆ ಆ ತೊಟ್ಟಿ ಕಂಡರೆ ಆಗುತ್ತಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಮೇಲಂತೂ ಅವಳ ಕಾಟ ಹೇಳತೀರದು. ಅವರಪ್ಪ ಅಂಗಡಿಯಿಂದ ಒಳಗೆ ಬಂದರೆ ಅಡುಗೆಮನೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

"ಕೈ ತೊಳ್ಕೊಂಡ್ರಾ ಅಪ್ಪ? ಸೋಪು ಹಾಕಿದ್ರಾ? ಉಗುರು ತೋರ್ಸಿ."

ಅಂಗಡಿಯ ಸಾಮಾನು ಮುಟ್ಟಿದರೆ ನನಗೂ ಅದೇ ಶಾಸ್ತಿ. ಹೈಸ್ಕೂಲಿನಲ್ಲಿ ಮಕ್ಕಳನ್ನು ಗದರಿಸಿ ಬರುವ ಟೀಚರು ನಾನು, ಮನೆಯಲ್ಲಿ ಬೆರಳು ಚಾಚಿ ನಿಲ್ಲಬೇಕಿತ್ತು. ಸಿಟ್ಟು ಬರುತ್ತಿತ್ತು. ಈಗ ಆ ಸಿಟ್ಟೂ ಬೇಕೆನಿಸುತ್ತದೆ.

ಸೈನೈಡೂ ಬೇಡ, ನೀರೂ ಬೇಡ, ಬೇರೆ ದ್ರವದಲ್ಲೇ ಬೆಳ್ಳಿ ಹತ್ತಿಸಬಹುದು ಎಂದು ಅವಳು ಹಟ ಹಿಡಿದಳು. ಅದಕ್ಕೆ ಕೋಲೀನ್ ಕ್ಲೋರೈಡ್ ಎಂಬ ಪುಡಿ ಬೇಕು. ಅದನ್ನು ಕೋಳಿಗಳ ಆಹಾರಕ್ಕೂ ಬೆರೆಸುತ್ತಾರೆ. ಮೊದಲು ಬಾಣಾವರದ ಕೋಳಿ ಫಾರಂನಿಂದ ತಂದಳು. ಅದರಲ್ಲಿ ತೌಡೇ ಹೆಚ್ಚಿದ್ದು ಎಲ್ಲ ರಾಡಿಯಾಯಿತು. "ಕೋಳಿಗಾದ್ರೂ ಹಾಕಿದ್ರೆ ಮೊಟ್ಟೆ ಇಡ್ತಿತ್ತು ಕಣೇ" ಎಂದು ಅವರಪ್ಪ ನಕ್ಕರು. ಆಮೇಲೆ ಶುದ್ಧವಾದದ್ದನ್ನು ತರಿಸಿ, ಹೊಲಕ್ಕೆ ಹಾಕುವಂಥದೇ ಯೂರಿಯಾ ಬೆರೆಸಿ, ಹದವಾಗಿ ಬಿಸಿ ಮಾಡಿದಳು. ಎರಡೂ ಒಣ ಬಿಳಿ ಪುಡಿ. ಒಂದು ಹನಿ ನೀರಿಲ್ಲದೆ ನನ್ನ ಕಣ್ಣೆದುರೇ ಕರಗಿ ಕೊಬ್ಬರಿ ಎಣ್ಣೆಯಷ್ಟು ತಿಳಿಯಾದವು. ಅದಕ್ಕೆ ಬೆಳ್ಳಿಯ ಉಪ್ಪು ಹಾಕಿ ಕಲಕಿದಳು, ಅದೂ ಕರಗಿತು. ತಾಮ್ರದ ಚೂರೊಂದನ್ನು ಇಳಿಬಿಟ್ಟು ಕರೆಂಟು ಕೊಟ್ಟಳು. ಅವರಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹತ್ತೈತೆ. ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಆ ದ್ರವಕ್ಕೆ ನೀರು ಆಗದು. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ ಎಂದು ಗಾಜಿನ ಜಾಡಿಯಲ್ಲಿ ತುಂಬಿ, ಮುಚ್ಚಳ ಬಿಗಿದು, ಬಟ್ಟೆ ಸುತ್ತಿ ಇಡುತ್ತಿದ್ದಳು. ಬೇಲೂರಿನಲ್ಲಿ ಪ್ರವಾಸಿಗರಿಗೆ ಹಿತ್ತಾಳೆಯ ಶಿಲಾಬಾಲಿಕೆಯರನ್ನು ಮಾರುವ ಅಂಗಡಿಯೊಂದಿತ್ತು. ಅವರು ಒಪ್ಪಿ ಕೆಲಸ ಕೊಟ್ಟರೆ ತೊಟ್ಟಿಯನ್ನು ಮುಚ್ಚಿಯೇ ಬಿಡುತ್ತೇನೆ ಎಂದು ನಮ್ಮವರು ಮಾತು ಕೊಟ್ಟರು. ಬೆಳ್ಳಿ ಹತ್ತಿಸಿದ ಒಂದು ಬೊಂಬೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಮಗಳು ಸ್ಕೂಟರಿನಲ್ಲಿ ಹೊರಟಳು. ಮಧ್ಯಾಹ್ನ ಬೇಲೂರಿನಿಂದ ಫೋನು ಬಂತು.

"ಒಪ್ಕೊಂಡ್ರಮ್ಮ. ಅಪ್ಪಂಗೆ ಹೇಳು, ತೊಟ್ಟಿಗೆ ಒಂದು ಮುಚ್ಚಳ ಹುಡುಕಕ್ಕೆ."

ಹಳೇಬೀಡು ದಾಟಿದ ಮೇಲೆ, ತಿರುವಿನಲ್ಲಿ, ಲಾರಿ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗದು.

ಹಾರನಹಳ್ಳಿ ರಸ್ತೆಯ ನಮ್ಮ ತೆಂಗಿನ ತೋಟದಲ್ಲಿ ಅವಳನ್ನು ಮಣ್ಣು ಮಾಡಿದೆವು. ಅಲ್ಲಿ ಗದ್ದುಗೆ ಕಟ್ಟಿಸಿ ತಾಮ್ರದ ಒಂದು ದೀಪ ಇಡಬೇಕು, ಅದಕ್ಕೆ ಅವಳ ಜಾಡಿಯ ಬೆಳ್ಳಿಯನ್ನೇ ಹತ್ತಿಸಬೇಕು ಎಂಬುದೊಂದೇ ನಮ್ಮವರ ಹಂಬಲವಾಯಿತು. ಊಟ ಬಿಟ್ಟರೂ ದೀಪ ಉಜ್ಜುವುದನ್ನು ಬಿಡಲಿಲ್ಲ.

ನಮ್ಮ ಲಿಂಗಾಯತರಲ್ಲಿ ಸೂತಕವಿಲ್ಲ ಎಂದು ಭಾಷಣ ಮಾಡುತ್ತೇವೆ. ಆದರೂ ಸಾವಿನ ನಂತರದ ಶಿವಗಣಾರಾಧನೆಯ ದಿನ ಜಂಗಮ ಅಯ್ಯನವರ ಪಾದ ತೊಳೆದ ನೀರು, ಪಾದೋದಕ, ಮನೆಯ ಮೂಲೆಮೂಲೆಗೂ ಬೀಳಲೇಬೇಕು. ಕಣಕಟ್ಟೆಯಿಂದ ಬಂದಿದ್ದ ನಮ್ಮವರ ಅಕ್ಕ ಚೊಂಬು ಹಿಡಿದು ಕೊಡ, ಹಂಡೆ, ಅಕ್ಕಿ ಡಬ್ಬ ಯಾವುದನ್ನೂ ಬಿಡಲಿಲ್ಲ. ಮಗಳನ್ನು ಎತ್ತಿ ಆಡಿಸಿದವರು ಅವರು. ಜಾಡಿ ಅವಳದೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಬಟ್ಟೆ ಬಿಚ್ಚಿ, ಮುಚ್ಚಳ ತೆಗೆದು, ಚೊಂಬಿನಲ್ಲಿ ಉಳಿದ ಪಾದೋದಕವನ್ನಷ್ಟೂ ಅದಕ್ಕೇ ಸುರಿದರು.

ತಿಳಿಯಾಗಿದ್ದದ್ದು ಹಾಲು ಒಡೆದ ಹಾಗೆ ಬೆಳ್ಳಗಾಯಿತು. ಬೆಳ್ಳಿಯ ಉಪ್ಪೆಲ್ಲ ಮೊಸರಿನಂತೆ ತಳಕ್ಕಿಳಿಯಿತು. ಬಾಗಿಲ ಬಿಸಿಲು ಬಿದ್ದಂತೆ ಆ ಬಿಳುಪು ನೇರಳೆಗೆ ತಿರುಗಿ ಕಪ್ಪಾಗತೊಡಗಿತು. ಅಕ್ಕ ಚೊಂಬು ಕೆಳಗಿಟ್ಟು ಹಿಂದೆ ಸರಿದರು.

"ಏನಾಯ್ತೋ? ನಾನೇನು ಮಾಡ್ಬುಟ್ಟೆ?"

ನಮ್ಮವರು ಜಾಡಿಯನ್ನು ಎತ್ತಿ ಎದೆಗೆ ಒತ್ತಿಕೊಂಡರು. "ಏನೂ ಆಗಿಲ್ಲ ಬಿಡಕ್ಕ. ಪುಣ್ಯದ ನೀರಲ್ವಾ" ಎಂದರು. ನನಗೆ ಕಿರುಚಬೇಕೆನಿಸಿತು. ಯಾರ ಮೇಲೆ ಕಿರುಚಲಿ? ಆ ಮುದುಕಿ ಜಾಡಿಗೆ ಸುರಿದದ್ದು ಪ್ರೀತಿಯನ್ನೇ.

ಮತ್ತೆ ಮಾಡಬಹುದಿತ್ತು. ಮಗಳ ಸ್ನೇಹಿತೆಯೊಬ್ಬಳು ಬಂದು, "ನಾನು ಮಾಡಿಕೊಡ್ತೀನಿ ಅಂಕಲ್, ಕಷ್ಟ ಏನಿಲ್ಲ" ಎಂದಳು. ನಮ್ಮವರು ಬೇಡವೆಂದು ತಲೆಯಾಡಿಸಿದರು. "ನೀನು ಮಾಡಿದ್ರೆ ಅದು ನಿಂದಾಗ್ತದೆ ಕಣಮ್ಮ." ನಾನೂ ಜಗಳವಾಡಿ ಅತ್ತುಬಿಟ್ಟೆ. ನಮ್ಮವರು ಬೇಲೂರಿನ ಅಂಗಡಿಗೆ ಫೋನು ಮಾಡಿ ಕೆಲಸ ಆಗುವುದಿಲ್ಲ ಎಂದುಬಿಟ್ಟರು. ಗದ್ದುಗೆಯ ಕೆಲಸ ಮುಗಿದ ವಾರ ಅಂಗಡಿಯಲ್ಲಿ ಕರೆಂಟಿನ ಡಬ್ಬಿ ಗುಂಯ್‌ಗುಟ್ಟುವುದು ಕೇಳಿ ಎದ್ದು ಹೋದೆ. ಹಳೆಯ ತೊಟ್ಟಿಯಲ್ಲಿ, ಸೈನೈಡಿನ ನೀರಿನಲ್ಲಿ, ಅವಳ ದೀಪ ಇಳಿಬಿದ್ದಿತ್ತು. ಕೈಗೆ ಗ್ಲೌಸೂ ಇರಲಿಲ್ಲ. ಮುಖ ತಿರುಗಿಸದೆ, "ಚೆನ್ನಾಗಿ ಹತ್ತುತ್ತಾ ಐತೆ" ಎಂದರು.

ತೊಟ್ಟಿ ಇವತ್ತಿಗೂ ಮುಚ್ಚಿಲ್ಲ. ಅಡುಗೆಮನೆ ಬಾಗಿಲಲ್ಲಿ ಅವರನ್ನು ತಡೆದು ಕೈ ನೋಡುವವರು ಯಾರೂ ಇಲ್ಲ. ನನ್ನ ಮಾತು ಅವರಿಗೆ ಲೆಕ್ಕಕ್ಕಿಲ್ಲ.

ಸೋಮವಾರ ನಾನು ತೋಟಕ್ಕೆ ಹೋಗುತ್ತೇನೆ. ದೀಪ ನಿಜಕ್ಕೂ ಚೆನ್ನಾಗಿದೆ. ಸೆರಗಿನಿಂದ ಧೂಳು ಒರೆಸಿ, ಬತ್ತಿ ಹಾಕಿ, ಹಚ್ಚುತ್ತೇನೆ. ಆಮೇಲೆ ಬೋರಿನ ನಲ್ಲಿಯ ಹತ್ತಿರ ಹೋಗಿ, ಚೀಲದಲ್ಲಿ ತಂದ ಸೋಪು ಹಾಕಿ, ಉಗುರಿನ ಸಂದಿಯನ್ನೂ ಬಿಡದೆ ಕೈ ತೊಳೆದುಕೊಳ್ಳುತ್ತೇನೆ.