ಚಿಕ್ಕಮ್ಮನಿಗೆ ಭಜನೆ ಸಾಕಂತೆ

ಗೆಳೆಯರೇ, ಇವತ್ತು ಬೆಳಿಗ್ಗೆ ಕಲಬುರಗಿಯಿಂದ ಕಮಲಾಪುರಕ್ಕೆ ಹೋಗಿ ಚಿಕ್ಕಮ್ಮನ ಟಿವಿಗೆ ಇಂಟರ್‌ನೆಟ್ ಜೋಡಿಸಿದೆ. ಲಕ್ವ ಹೊಡೆದು ಅವರ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಎಡಗೈಯಲ್ಲೇ ಒತ್ತಲು ಬರುವಂತೆ ದಪ್ಪ ಗುಂಡಿಗಳ ರಿಮೋಟನ್ನು ಗಾಲಿಕುರ್ಚಿಗೆ ಕಟ್ಟುತ್ತಿದ್ದೆ. ಅಷ್ಟರಲ್ಲಿ ಅವರ ಮೈದುನ ಬಂದು, ತಾನು 'ವೈನಿ' ಎನ್ನುವ ಅತ್ತಿಗೆಯ ಎದುರೇ ನನಗೆ ಬುದ್ಧಿ ಹೇಳಿದ: "ಇಷ್ಟೆಲ್ಲ ಯಾಕ ಬೇಕ್ರಿ? ಒಂದು ಭಜನಿ ಚಾನಲ್ ಹಚ್ಚಿ ಬಿಡ್ರಿ. ವೈನಿಗೇನ್ ತಿಳೀತದ?"

ಚಿಕ್ಕಮ್ಮ ತಿರುಗಿ ನೋಡಿದರು. "ಕೈಕಾಲು ಬಿದ್ದಾವ, ತಲಿ ಬಿದ್ದಿಲ್ಲ. ನನಗ ಕುಸ್ತಿ ನೋಡಬೇಕು," ಎಂದವರೇ ಎಡಗೈಯಲ್ಲಿ ತಾವೇ ಹುಡುಕಿ ಹಚ್ಚಿದರು.

ಮೈದುನ ಬಾಯಿ ತೆರೆದುಕೊಂಡು ಎರಡು ಕುಸ್ತಿ ನೋಡಿದ. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ನಮ್ಮ ಮನಿಗೂ ಬಂದು ಹೋಗ್ರಿ. ನಮ್ಮ ಟಿವಿ ರಿಮೋಟ್ ನನಗ ತಿಳಿಯಂಗಿಲ್ಲ."

ಮಹಾಶಯನ ಕೈಕಾಲು ಮಾತ್ರ ಬಹಳ ಗಟ್ಟಿ ಇವೆ.